ಪರಿವಿಡಿ ಸಾಕೇ, ಪದಸೂಚಿ ಬೇಕೇ?

ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೆಯ ಸಂಪುಟ ಹಾಸನ ಜಿಲ್ಲೆಯ ಶಾಸನಗಳದ್ದು. 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಯಸಳೂರು, ಹೆತ್ತೂರು ಸೀಮೆಯ ಶಾಸನ ಬೇಕೆಂದು ಇವತ್ತಿನ ವಿದ್ಯಾರ್ಥಿಯೊಬ್ಬರು ಆ ಸಂಪುಟ ತೆರೆದು 'ಸಕಲೇಶಪುರ ತಾಲ್ಲೂಕು' ಎಂದು ಹುಡುಕಿದರೆ ಸಿಗುವುದಿಲ್ಲ. ಆಗ ತಾಲ್ಲೂಕಿನ ಹೆಸರು ಮಂಜರಾಬಾದ್. ಶಾಸನಗಳ ಸಂಖ್ಯೆಗಳೂ ಆ ಹೆಸರಿನ ಅಡಿಯಲ್ಲೇ ಇವೆ. ಕಲ್ಲು ನಿಂತಲ್ಲೇ ನಿಂತಿದೆ, ಊರೂ ಅಲ್ಲೇ ಇದೆ. ಅದನ್ನು ತೋರಿಸಬೇಕಾದ ಸೂಚಿ ಮಾತ್ರ ಹಳತಾಗಿದೆ.

ಅಷ್ಟಕ್ಕೇ ಮುಗಿಯಲಿಲ್ಲ. 1902ರ ನಂತರವೂ ಶಾಸನಗಳು ಸಿಗುತ್ತಲೇ ಇದ್ದವು. ಮೈಸೂರು ಪುರಾತತ್ವ ಇಲಾಖೆ ಅವನ್ನು ತನ್ನ ವಾರ್ಷಿಕ ವರದಿಗಳಲ್ಲಿ ಪ್ರಕಟಿಸುತ್ತ ಬಂತು. 1943ರಲ್ಲಿ ಹಾಸನ ಜಿಲ್ಲೆಯ ಪೂರಕ ಶಾಸನಗಳಿಗೆಂದೇ ಹದಿನೈದನೆಯ ಸಂಪುಟ ಹೊರಬಂತು. 1970ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಇಡೀ ಮಾಲೆಯನ್ನೇ ಪರಿಷ್ಕರಿಸಿ ಹೊಸ ಸಂಖ್ಯೆ ಕೊಟ್ಟು ಮುದ್ರಿಸಲು ತೊಡಗಿತು. ಅಂದರೆ ಒಂದು ಸೂಚಿಯನ್ನು ಹೊಸದಾಗಿ ಇಟ್ಟುಕೊಳ್ಳಲು ಮೂರು ದಾರಿ ಹಿಡಿದಂತಾಯಿತು: ವರ್ಷ ವರ್ಷವೂ ಒಂದೊಂದು ತುಣುಕು, ನಡುವೆ ಒಂದು ಪೂರಕ ಸಂಪುಟ, ಕೊನೆಗೆ ಪೂರ್ತಿ ಹೊಸ ಮುದ್ರಣ. ಮೂರಕ್ಕೂ ಬೇರೆ ಬೇರೆ ಖರ್ಚು. ತುಣುಕುಗಳು ಅಗ್ಗ, ಆದರೆ ಓದುವವನು ಮೂವತ್ತು ವರದಿ ಹರಡಿಕೊಂಡು ಕೂರಬೇಕು. ಹೊಸ ಮುದ್ರಣ ಅನುಕೂಲ, ಆದರೆ ಅದಕ್ಕೆ ದಶಕಗಳು ಬೇಕು.

ಇದೇ ಸಮಸ್ಯೆ ಲಿನಕ್ಸ್ ಎಂಬ ಗಣಕ ವ್ಯವಸ್ಥೆಯ ಒಳಗೆ ಕಳೆದ ಮೂರು ದಶಕಗಳಿಂದ ನಡೆದುಬಂದಿದೆ. ಅಲ್ಲಿಯೂ ಒಂದು ಭಂಡಾರವಿದೆ, ಅದಕ್ಕೊಂದು ಸೂಚಿಯಿದೆ, ಸೂಚಿ ದಿನವೂ ಹಳತಾಗುತ್ತದೆ. ಎಷ್ಟು ದಿನಕ್ಕೊಮ್ಮೆ ಹೊಸದು ತರಬೇಕು, ಪೂರ್ತಿ ತರಬೇಕೋ ತುಣುಕು ಸಾಕೋ, ತರುವ ಖರ್ಚು ಯಾರ ಮೇಲೆ ಎಂಬ ಪ್ರಶ್ನೆಗಳಿಗೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಸಿಕ್ಕಿದೆ. ಆ ಉತ್ತರಗಳ ಚರಿತ್ರೆಯನ್ನು ನಗರದ ಕೇಬಲ್ ಸಂಪರ್ಕದ ಕಡೆಯಿಂದ ನೋಡುವುದು ಒಂದು ರೀತಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವ, ಮೊಬೈಲ್ ಸಿಗ್ನಲ್‌ಗಾಗಿ ದಿಣ್ಣೆ ಹತ್ತಬೇಕಾದ ಯಸಳೂರು ಹೋಬಳಿಯ ಕಡೆಯಿಂದ ನೋಡುವುದು ಇನ್ನೊಂದು ರೀತಿ. ಈ ಲೇಖನ ಎರಡನೆಯದನ್ನು ಹಿಡಿದಿದೆ.

ಎರಡು ಪಟ್ಟಿಗಳು

ಮೊದಲು ಪರಿಭಾಷೆ. ಲಿನಕ್ಸ್‌ನಲ್ಲಿ ತಂತ್ರಾಂಶಗಳು 'ಪ್ಯಾಕೇಜು' ಎಂಬ ಕಟ್ಟುಗಳಾಗಿ ಬರುತ್ತವೆ. ಒಂದು ಕಟ್ಟಿನೊಳಗೆ ಹತ್ತೋ ಸಾವಿರವೋ ಫೈಲುಗಳಿರಬಹುದು. ಈ ಕಟ್ಟುಗಳೆಲ್ಲ ಜಗತ್ತಿನ ಹಲವೆಡೆ ಇರುವ ಭಂಡಾರಗಳಲ್ಲಿ ಕೂತಿರುತ್ತವೆ. ಬೇಕಾದುದನ್ನು ತಂದು, ಬಿಚ್ಚಿ, ಅವರವರ ಜಾಗದಲ್ಲಿ ಜೋಡಿಸುವ ಕಾರ್ಯಕ್ರಮಕ್ಕೆ ಪ್ಯಾಕೇಜ್ ಮ್ಯಾನೇಜರ್ ಎನ್ನುತ್ತಾರೆ.

ಇದಕ್ಕೆ ಎರಡು ಬಗೆಯ ಪಟ್ಟಿ ಬೇಕು. ಒಂದು, ಭಂಡಾರದಲ್ಲಿ ಯಾವ ಯಾವ ಕಟ್ಟುಗಳಿವೆ, ಅವುಗಳ ಆವೃತ್ತಿ ಯಾವುದು, ಒಂದಕ್ಕೆ ಇನ್ನಾವುದು ಬೇಕು ಎಂದು ಹೇಳುವ ಪಟ್ಟಿ. ಪುಸ್ತಕದ ಪರಿವಿಡಿಯಂತೆ. ಇನ್ನೊಂದು, ಪ್ರತಿ ಕಟ್ಟಿನ ಒಳಗಿರುವ ಒಂದೊಂದು ಫೈಲಿನ ಹೆಸರನ್ನೂ ಹೇಳುವ ಪಟ್ಟಿ. ಇದು ಪುಸ್ತಕದ ಕೊನೆಯ ಪದಸೂಚಿಯಂತೆ. ಪರಿವಿಡಿ ಎರಡು ಪುಟದಲ್ಲಿ ಮುಗಿಯುತ್ತದೆ. ಪದಸೂಚಿ ಕೆಲವೊಮ್ಮೆ ಪುಸ್ತಕದ ಕಾಲುಭಾಗವನ್ನೇ ತಿನ್ನುತ್ತದೆ. ಹಾಗಾಗಿ ಪರಿವಿಡಿಯಿಲ್ಲದ ಪುಸ್ತಕ ಅಪರೂಪ, ಪದಸೂಚಿಯಿಲ್ಲದ ಕನ್ನಡ ಪುಸ್ತಕಗಳೇ ಹೆಚ್ಚು.

ಪದಸೂಚಿ ಯಾವಾಗ ಬೇಕಾಗುತ್ತದೆ ಎಂಬುದಕ್ಕೆ ಕನ್ನಡದ್ದೇ ಉದಾಹರಣೆ ನೋಡೋಣ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ಇಂದು ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ 'ಕಗಪ' ಎಂದು ಕರೆಸಿಕೊಳ್ಳುವ ಕೀಲಿಮಣೆ ನಮ್ಮಲ್ಲಿ ಬಹಳ ಮಂದಿ ಬಳಸುವಂಥದು. ಲಿನಕ್ಸ್‌ನಲ್ಲಿ ಅದು 'ಕೆಎನ್-ಕೆಜಿಪಿ.ಮಿಮ್' ಎಂಬ ಸಣ್ಣ ಫೈಲು. ಆ ಫೈಲಿರುವ ಕಟ್ಟಿನ ಹೆಸರು 'ಎಂ17ಎನ್-ಡಿಬಿ'. ಈ ಹೆಸರಿನಲ್ಲಿ ಕನ್ನಡದ ಸುಳಿವೇ ಇಲ್ಲ. ಪರಿವಿಡಿಯಲ್ಲಿ ಕಟ್ಟುಗಳ ಹೆಸರನ್ನು ಎಷ್ಟು ಸಲ ಓದಿದರೂ ಕಗಪ ಅಲ್ಲಿದೆ ಎಂದು ಹೊಳೆಯುವುದಿಲ್ಲ. ಫೈಲಿನ ಹೆಸರು ಗೊತ್ತಿದ್ದು ಪದಸೂಚಿ ಕೈಯಲ್ಲಿದ್ದರೆ ಒಂದೇ ಸಾಲಿನ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಅಕ್ಷರ ಉಳಿಸುವ ಜಾಣತನ

ಫೈಲುಗಳಿಗೆ ಸೂಚಿ ಮಾಡುವ ಯೋಚನೆ ಲಿನಕ್ಸ್‌ಗಿಂತ ಹಳೆಯದು. 1983ರಲ್ಲಿ ಜೇಮ್ಸ್ ವುಡ್ಸ್ ಎಂಬುವರು ಯೂನಿಕ್ಸ್ ಯಂತ್ರಗಳಲ್ಲಿ ಫೈಲು ಬೇಗ ಹುಡುಕುವ ಒಂದು ವಿಧಾನವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಒಂದು ಫೈಲು ಬೇಕಾದರೆ ಇಡೀ ಡಿಸ್ಕನ್ನು ಜಾಲಾಡಬೇಕಿತ್ತು. ವುಡ್ಸ್ ಅವರದು ಎಲ್ಲ ಹೆಸರನ್ನೂ ಮೊದಲೇ ಬರೆದಿಟ್ಟುಕೊಂಡು, ಆ ಪಟ್ಟಿಯಲ್ಲಿ ಹುಡುಕುವ ದಾರಿ. ಪಟ್ಟಿ ದೊಡ್ಡದಾಗದಂತೆ ಅವರು ಬಳಸಿದ ಉಪಾಯ ನಿಘಂಟು ಓದುವವರಿಗೆ ತಟ್ಟನೆ ಅರ್ಥವಾಗುತ್ತದೆ. ಅಕಾರಾದಿಯಾಗಿ ಜೋಡಿಸಿದರೆ ಒಂದು ಪದದ ಮೊದಲ ಅಕ್ಷರಗಳು ಹಿಂದಿನ ಪದದ್ದೇ ಆಗಿರುತ್ತವೆ. ಹಾಗಾಗಿ 'ಮೇಲಿನದರ ಮೊದಲ ಹನ್ನೆರಡು ಅಕ್ಷರ, ಮುಂದೆ ಇಷ್ಟು' ಎಂದು ಬರೆದರೆ ಸಾಕು. ಇದರ ವಂಶಸ್ಥ 'ಲೊಕೇಟ್' ಎಂಬ ಆಜ್ಞೆ ಇವತ್ತಿಗೂ ಬಳಕೆಯಲ್ಲಿದೆ.

ಅಲ್ಲಿ ಸೂಚಿಯನ್ನು ಹೊಸದು ಮಾಡಲು ಜಾಲ ಬೇಕಿರಲಿಲ್ಲ. ರಾತ್ರಿ ಯಾರೂ ಕೆಲಸ ಮಾಡದ ಹೊತ್ತಿನಲ್ಲಿ ಯಂತ್ರ ತನ್ನ ಡಿಸ್ಕನ್ನೇ ಓದಿ ಪಟ್ಟಿ ಬರೆದುಕೊಳ್ಳುತ್ತಿತ್ತು. ಬೆಳಿಗ್ಗೆ ಮಾಡಿದ ಫೈಲು ಸಂಜೆ ಹುಡುಕಿದರೆ ಸಿಗದು, ಮರುದಿನ ಸಿಗುತ್ತದೆ. ಅಷ್ಟು ಹಳತನ್ನು ಜನ ಒಪ್ಪಿಕೊಂಡರು. ಸೂಚಿ ಎಷ್ಟು ಹಳೆಯದಾಗಿದ್ದರೆ ನಡೆಯುತ್ತದೆ ಎಂಬುದು ಇಲ್ಲಿ ಮೊದಲ ಬಾರಿಗೆ ಒಂದು ವ್ಯವಸ್ಥೆಯ ತೀರ್ಮಾನವಾಯಿತು.

ಸಿಡಿಯ ಕಾಲ

ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಹೊರಬಿಟ್ಟದ್ದು 1991ರಲ್ಲಿ. 1993ರಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಅವರ ಸ್ಲ್ಯಾಕ್‌ವೇರ್ ಬಂತು. ಅದೇ ವರ್ಷದ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಯೋಜನೆಯನ್ನು ಘೋಷಿಸಿದರು. ಡೆಬಿಯನ್‌ನ ಪ್ಯಾಕೇಜು ಜೋಡಿಸುವ ಕಾರ್ಯಕ್ರಮ 'ಡಿಪಿಕೆಜಿ'. ತನ್ನ ಯಂತ್ರದಲ್ಲಿ ಜೋಡಿಸಿದ ಪ್ರತಿ ಕಟ್ಟಿಗೂ ಅದು ಒಂದು ಫೈಲುಪಟ್ಟಿ ಇಟ್ಟುಕೊಳ್ಳುತ್ತದೆ. 'ಈ ಫೈಲು ಯಾವ ಕಟ್ಟಿನದು' ಎಂದು ಕೇಳಿದರೆ ಹೇಳುತ್ತದೆ. ಆದರೆ ಮನೆಗೆ ಬಂದ ಕಟ್ಟುಗಳ ವಿಷಯವನ್ನಷ್ಟೇ ಹೇಳಬಲ್ಲದು. ಭಂಡಾರದಲ್ಲೇ ಉಳಿದ ಕಟ್ಟಿನೊಳಗೆ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ. ನಮಗೆ ಬೇಕಾಗುವುದು ಬಹುಮಟ್ಟಿಗೆ ಅದೇ, ಏಕೆಂದರೆ ಇಲ್ಲದ ಫೈಲನ್ನೇ ನಾವು ಹುಡುಕುತ್ತಿರುತ್ತೇವೆ.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅದೂ ದೊಡ್ಡ ನಗರಗಳಲ್ಲಿ, ಟೆಲಿಫೋನ್ ಡಯಲ್ ಮಾಡಿ. ಲಿನಕ್ಸ್ ನಮ್ಮಲ್ಲಿ ಹರಡಿದ್ದು ತಂತಿಯಿಂದಲ್ಲ, ಅಂಚೆಯಲ್ಲಿ ಬರುತ್ತಿದ್ದ ಪತ್ರಿಕೆಯ ಜೊತೆಗಿನ ಸಿಡಿಯಿಂದ. 'ಪಿಸಿ ಕ್ವೆಸ್ಟ್' ಪತ್ರಿಕೆ 1990ರ ದಶಕದ ನಡುಭಾಗದಿಂದ ಲಿನಕ್ಸ್ ಸಿಡಿಗಳನ್ನು ಓದುಗರಿಗೆ ಕೊಡತೊಡಗಿತು. ಬೆಂಗಳೂರಿನಲ್ಲಿದ್ದ ಅತುಲ್ ಚಿಟ್ನಿಸ್ ಅದರ ಹಿಂದಿನ ಮುಖ್ಯ ಪ್ರೇರಣೆಗಳಲ್ಲೊಬ್ಬರು. 2001ರಲ್ಲಿ ಶುರುವಾಗಿ ಮುಂದೆ 'ಫಾಸ್ ಡಾಟ್ ಇನ್' ಎಂದು ಹೆಸರಾದ 'ಲಿನಕ್ಸ್ ಬೆಂಗಳೂರು' ಸಮ್ಮೇಳನದ ಹಿಂದೆಯೂ ಅವರಿದ್ದರು. ಕಾಲೇಜಿನ ಲ್ಯಾಬಿನಲ್ಲೋ ಗೆಳೆಯರ ಕೈಯಲ್ಲೋ ಒಂದು ಸಿಡಿ ಹತ್ತು ಯಂತ್ರಗಳನ್ನು ಸುತ್ತುತ್ತಿದ್ದ ಕಾಲ ಅದು.

ಸಿಡಿಯಲ್ಲಿ ಸೂಚಿ ಹಳತಾಗುವ ಪ್ರಶ್ನೆಯೇ ಇಲ್ಲ. ಭಂಡಾರವೂ ಸೂಚಿಯೂ ಒಂದೇ ತಟ್ಟೆಯಲ್ಲಿ ಒಟ್ಟಿಗೆ ಹೆಪ್ಪುಗಟ್ಟಿರುತ್ತವೆ. ಡೆಬಿಯನ್‌ನಲ್ಲಿ ಸಿಡಿಯನ್ನು ಒಳಗಿಟ್ಟು ಅದರ ಪಟ್ಟಿಯನ್ನು ಓದಿಸಿಕೊಳ್ಳಲು ಬೇರೆಯೇ ಒಂದು ಆಜ್ಞೆಯಿತ್ತು, ಈಗಲೂ ಇದೆ. ರೆಡ್ ಹ್ಯಾಟ್ ಇನ್ನೊಂದು ಉಪಾಯ ಮಾಡಿತು. ಇಡೀ ಬಿಡುಗಡೆಯ ಎಲ್ಲ ಕಟ್ಟುಗಳ ಮಾಹಿತಿಯನ್ನೇ ಒಂದು ಕಟ್ಟಾಗಿ ಕಟ್ಟಿ ಸಿಡಿಯಲ್ಲಿ ಕೊಟ್ಟಿತು. ಅದನ್ನು ಜೋಡಿಸಿಕೊಂಡರೆ, ಕಾಣೆಯಾದ ಫೈಲು ಯಾವ ಕಟ್ಟಿನಲ್ಲಿದೆ ಎಂದು ಜಾಲವಿಲ್ಲದೆಯೇ ಕೇಳಬಹುದಿತ್ತು. ಪದಸೂಚಿಯನ್ನೇ ಒಂದು ಪ್ರತ್ಯೇಕ ಪುಸ್ತಕವಾಗಿ ಮುದ್ರಿಸಿ, ಬೇಕಾದವರು ಕೊಳ್ಳಿ ಎಂದಂತೆ.

ತಂತಿ ಬಂದ ಮೇಲೆ

1996ರ ಜೂನ್‌ನಲ್ಲಿ ಬಂದ ಡೆಬಿಯನ್ 1.1ರಲ್ಲಿ ಇದ್ದದ್ದು 474 ಕಟ್ಟುಗಳು. 1999ರ ಮಾರ್ಚಿನ 2.1ರಲ್ಲಿ ಸುಮಾರು 2,250. ಆ ಬಿಡುಗಡೆಯೊಂದಿಗೇ 'ಆಪ್ಟ್' ಎಂಬ ಹೊಸ ಕಾರ್ಯಕ್ರಮ ಬಳಕೆಗೆ ಬಂತು. ಜಾಲದ ಭಂಡಾರದಿಂದ ಪರಿವಿಡಿಯನ್ನು ತಂದಿಟ್ಟುಕೊಂಡು, ಒಂದು ಕಟ್ಟಿಗೆ ಬೇಕಾದ ಉಳಿದೆಲ್ಲವನ್ನೂ ತಾನೇ ಲೆಕ್ಕಹಾಕಿ ತರುವುದು ಅದರ ಹೆಚ್ಚುಗಾರಿಕೆ. 2023ರ ಜೂನ್‌ನ ಡೆಬಿಯನ್ 12ರ ಹೊತ್ತಿಗೆ ಕಟ್ಟುಗಳ ಸಂಖ್ಯೆ 64,419ಕ್ಕೆ ಮುಟ್ಟಿತು.

ಭಂಡಾರ ಬೆಳೆದಂತೆ ಸೂಚಿಯೂ ಬೆಳೆಯಿತು. ಡೆಬಿಯನ್ ತನ್ನ ಫೈಲುಸೂಚಿಯನ್ನು 'ಕಂಟೆಂಟ್ಸ್' ಎಂಬ ಹೆಸರಿನಲ್ಲಿ ಭಂಡಾರದಲ್ಲೇ ಇಡುತ್ತದೆ. ಒತ್ತಿ ಸಣ್ಣದು ಮಾಡಿದ ಮೇಲೂ ಅದು ಹತ್ತಾರು ಮೆಗಾಬೈಟ್. ಡಯಲ್‌ಅಪ್ ಕಾಲದ ಅತಿವೇಗದ ಮೋಡೆಮ್ ಸೆಕೆಂಡಿಗೆ ಹೆಚ್ಚೆಂದರೆ 7 ಕಿಲೋಬೈಟ್ ತರುತ್ತಿತ್ತು. ಆ ಲೆಕ್ಕದಲ್ಲಿ 10 ಮೆಗಾಬೈಟ್ ತರಲು 24 ನಿಮಿಷ, ಲೈನು ಒಮ್ಮೆಯೂ ಕಡಿಯದಿದ್ದರೆ. ಒಂದು ಫೈಲು ಎಲ್ಲಿದೆ ಎಂದು ತಿಳಿಯಲು ಅಷ್ಟು ಟೆಲಿಫೋನ್ ಬಿಲ್ಲು ತೆರುವವರು ಯಾರು? ಹಾಗಾಗಿ ಆಪ್ಟ್ ಪರಿವಿಡಿಯನ್ನಷ್ಟೇ ತಂದಿತು, ಪದಸೂಚಿಯನ್ನು ತರಲಿಲ್ಲ. ಪದಸೂಚಿ ಬೇಕಾದವರಿಗಾಗಿ 2000ದ ದಶಕದ ಆರಂಭದಲ್ಲಿ 'ಆಪ್ಟ್-ಫೈಲ್' ಎಂಬ ಬೇರೆ ಸಾಧನ ಬಂತು. ಬೇಕೆಂದವರು ಅದನ್ನು ಜೋಡಿಸಿಕೊಂಡು, ಬೇಕೆಂದಾಗ ಕೈಯಾರೆ ಸೂಚಿ ತರಿಸಿಕೊಳ್ಳಬೇಕು. ತರಿಸಿಕೊಳ್ಳದಿದ್ದರೆ ಅದು ಹಳೆಯದನ್ನೇ ಓದಿ ಉತ್ತರ ಹೇಳುತ್ತದೆ.

ಹಳೆಯ ಉತ್ತರದಿಂದ ಆಗುವ ತೊಂದರೆ ಕನ್ನಡ ಅಕ್ಷರಗಳ ವಿಷಯದಲ್ಲೇ ನಡೆದಿದೆ. ಡೆಬಿಯನ್‌ನಲ್ಲಿ ಕನ್ನಡದ ಕೇದಗೆ, ಮಲ್ಲಿಗೆ ಫಾಂಟುಗಳಿದ್ದ ಕಟ್ಟಿನ ಹೆಸರು ಒಂದು ಕಾಲಕ್ಕೆ 'ಟಿಟಿಎಫ್-ಕನ್ನಡ-ಫಾಂಟ್ಸ್' ಎಂದಿತ್ತು. ಮುಂದೆ ಎಲ್ಲ ಫಾಂಟು ಕಟ್ಟುಗಳ ಹೆಸರೂ 'ಫಾಂಟ್ಸ್' ಎಂದು ಶುರುವಾಗಬೇಕೆಂಬ ಕ್ರಮ ಬಂದು, ಕನ್ನಡದ್ದು 'ಫಾಂಟ್ಸ್-ಕೆಎನ್‌ಡಿಎ', 'ಫಾಂಟ್ಸ್-ಲೋಹಿತ್-ಕೆಎನ್‌ಡಿಎ', 'ಫಾಂಟ್ಸ್-ನವಿಲು' ಎಂದೆಲ್ಲ ಆಯಿತು. ಹಳೆಯ ಸೂಚಿ ಹೇಳಿದ ಹೆಸರನ್ನು ಭಂಡಾರದಲ್ಲಿ ಕೇಳಿದರೆ 'ಅಂಥದು ಇಲ್ಲ' ಎಂಬ ಉತ್ತರ. ಪರದೆಯ ಮೇಲೆ ಕನ್ನಡದ ಜಾಗದಲ್ಲಿ ಚೌಕಗಳ ಸಾಲು. ಮಂಜರಾಬಾದ್ ಸಕಲೇಶಪುರವಾದ ಕಥೆಯೇ ಇಲ್ಲಿ ಇನ್ನೊಮ್ಮೆ ನಡೆದಿದೆ.

ಇನ್ನೊಂದು ಮನೆತನದ ದಾರಿ

ರೆಡ್ ಹ್ಯಾಟ್ ಮನೆತನದಲ್ಲಿ ಈ ಪ್ರಶ್ನೆ ಬೇರೆ ರೂಪ ತಾಳಿತು. 1995ರಲ್ಲಿ ಬಂದ 'ಆರ್‌ಪಿಎಂ' ಪದ್ಧತಿಯಲ್ಲಿ ಒಂದು ಕಟ್ಟು 'ನನಗೆ ಇಂಥ ಇನ್ನೊಂದು ಕಟ್ಟು ಬೇಕು' ಎನ್ನುವುದರ ಜೊತೆಗೆ 'ನನಗೆ ಇಂಥ ಫೈಲು ಬೇಕು' ಎಂದೂ ಹೇಳಬಹುದು. ಆ ಫೈಲು ಯಾವ ಕಟ್ಟಿನಲ್ಲಿದೆ ಎಂದು ತಿಳಿಯಲು ಪದಸೂಚಿ ಬೇಕೇಬೇಕು. ಡೆಬಿಯನ್‌ನಲ್ಲಿ ಕುತೂಹಲಕ್ಕೆ ಇದ್ದ ಪಟ್ಟಿ ಇಲ್ಲಿ ದಿನದ ಅಗತ್ಯವಾಯಿತು.

ಈ ಮನೆತನಕ್ಕೆ ಆಪ್ಟ್‌ನಂಥ ಸಾಧನ ಕೊಟ್ಟವರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದಲ್ಲಿದ್ದ ಸೇತ್ ವಿಡಾಲ್ ಮುಖ್ಯರು. ಅವರು ಬೆಳೆಸಿದ 'ಯಮ್' ಮೊದಮೊದಲು ಪ್ರತಿ ಕಟ್ಟಿನ ತಲೆಬರಹವನ್ನೂ ಒಂದೊಂದಾಗಿ ತರುತ್ತಿತ್ತು. ಅದು ನಿಧಾನ. 2004ರ ಸುಮಾರಿಗೆ ಭಂಡಾರದ ಮಾಹಿತಿಯನ್ನು ಮೂರು ಫೈಲುಗಳಾಗಿ ವಿಂಗಡಿಸುವ ಕ್ರಮ ಬಂತು. 'ಪ್ರೈಮರಿ' ಎಂಬುದರಲ್ಲಿ ಪರಿವಿಡಿ ಮತ್ತು ಬಹಳ ಬಳಕೆಯ ಕೆಲವು ಫೈಲುಗಳ ಹೆಸರು. 'ಫೈಲ್‌ಲಿಸ್ಟ್ಸ್' ಎಂಬುದರಲ್ಲಿ ಪೂರ್ತಿ ಪದಸೂಚಿ. 'ಅದರ್' ಎಂಬುದರಲ್ಲಿ ಬದಲಾವಣೆಗಳ ದಾಖಲೆ. ಹೆಚ್ಚು ಕೇಳಲಾಗುವ ಪದಗಳನ್ನು ಪರಿವಿಡಿಯಲ್ಲೇ ಕೊಟ್ಟು, ಉಳಿದದ್ದಕ್ಕೆ ಮಾತ್ರ ಕೊನೆಯ ಪುಟ ತಿರುಗಿಸಿ ಎನ್ನುವ ಈ ಏರ್ಪಾಡು ಇಂದಿಗೂ ನಡೆಯುತ್ತಿದೆ. ವಿಡಾಲ್ 2013ರ ಜುಲೈಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದಾಗ ವಾಹನ ಡಿಕ್ಕಿ ಹೊಡೆದು ತೀರಿಕೊಂಡರು.

ಯಮ್‌ನ ಜಾಗಕ್ಕೆ ಬಂದ 'ಡಿಎನ್‌ಎಫ್'ನಲ್ಲಿ ಒಂದು ಸೆಟ್ಟಿಂಗಿದೆ: ತಂದಿಟ್ಟ ಸೂಚಿ ಎಷ್ಟು ಹೊತ್ತು ತಾಜಾ ಎನಿಸಿಕೊಳ್ಳಬೇಕು? ಸಾಮಾನ್ಯ ಉತ್ತರ 48 ಗಂಟೆ. ಆದರೆ ಪ್ರತಿ ಭಂಡಾರಕ್ಕೂ ಬೇರೆ ಬೇರೆ ಅವಧಿ ಇಡಬಹುದು. ಫೆಡೋರಾ ತನ್ನ ಮೂಲ ಭಂಡಾರಕ್ಕೆ 7 ದಿನ ಎಂದೂ, ಪರಿಷ್ಕರಣೆಗಳ ಭಂಡಾರಕ್ಕೆ 6 ಗಂಟೆ ಎಂದೂ ಬರೆದು ಕೊಡುತ್ತದೆ. ಇದರಲ್ಲಿ ವಿವೇಕವಿದೆ. ಬಿಡುಗಡೆಯಾದ ಮೇಲೆ ಮೂಲ ಭಂಡಾರ ಬದಲಾಗುವುದಿಲ್ಲ, ಅದನ್ನು ಪದೇಪದೇ ಇಣುಕಿ ನೋಡಿ ಫಲವಿಲ್ಲ. ಪರಿಷ್ಕರಣೆಗಳದ್ದು ದಿನವೂ ಬದಲಾಗುತ್ತದೆ. 'ಎಂದೂ ಹಳತಾಗದು' ಎಂದು ಬರೆಯಲೂ ಅವಕಾಶವಿದೆ. ಹಾಗೆ ಬರೆದರೆ ನಾವು ಹೇಳುವ ತನಕ ಯಂತ್ರ ಹೊಸದನ್ನು ತರುವುದಿಲ್ಲ.

2024ರ ಏಪ್ರಿಲ್‌ನ ಫೆಡೋರಾ 40 ಇನ್ನೂ ಒಂದು ಹೆಜ್ಜೆ ಇಟ್ಟಿತು. ದೊಡ್ಡ ಪದಸೂಚಿಯನ್ನು ಎಲ್ಲರಿಗೂ ತಾನಾಗಿ ತರುವುದನ್ನೇ ನಿಲ್ಲಿಸಿತು. ಯಾರಾದರೂ ಅಂಥ ಫೈಲಿನ ವಿಷಯ ಕೇಳಿದಾಗ ಮಾತ್ರ ತರುತ್ತದೆ. ಪ್ರತಿಯೊಬ್ಬರೂ ತರಿಸಿಕೊಳ್ಳುತ್ತಿದ್ದ ಪಟ್ಟಿಯನ್ನು ಹೆಚ್ಚಿನವರು ತೆರೆದೇ ನೋಡಿರಲಿಲ್ಲ. ಆರ್ಚ್ ಲಿನಕ್ಸ್‌ನ 'ಪ್ಯಾಕ್‌ಮ್ಯಾನ್' 2016ರ ಐದನೇ ಆವೃತ್ತಿಯಲ್ಲಿ ಫೈಲು ಹುಡುಕುವ ಸೌಲಭ್ಯ ತಂದಾಗಲೂ ಎರಡು ಪಟ್ಟಿಗಳನ್ನು ಬೇರೆ ಇಟ್ಟಿತ್ತು. ಪದಸೂಚಿಯನ್ನು ಹೊಸದು ಮಾಡಲು ಬೇರೆಯೇ ಆಜ್ಞೆ ಕೊಡಬೇಕು.

ಡೆಬಿಯನ್ ಮಾತ್ರ ಎದುರು ದಿಕ್ಕಿಗೆ ಹೊರಳಿತು. 2016ರಲ್ಲಿ ಆಪ್ಟ್-ಫೈಲ್‌ನ ಮೂರನೇ ಆವೃತ್ತಿ ತನ್ನ ಸೂಚಿಯನ್ನು ತಾನೇ ತರುವುದನ್ನು ಬಿಟ್ಟು ಆ ಕೆಲಸವನ್ನು ಆಪ್ಟ್‌ಗೆ ಒಪ್ಪಿಸಿತು. ಒಂದು ಪುಟ್ಟ ಸೆಟ್ಟಿಂಗ್ ಫೈಲು ಆಪ್ಟ್‌ಗೆ 'ಪರಿವಿಡಿ ತರುವಾಗ ಕಂಟೆಂಟ್ಸ್ ಅನ್ನೂ ತಾ' ಎಂದು ಹೇಳುತ್ತದೆ. ಲಾಭವೆಂದರೆ ಎರಡು ಪಟ್ಟಿಗಳೂ ಒಂದೇ ವಯಸ್ಸಿನವಾಗಿರುತ್ತವೆ, ಒಂದು ಹೇಳಿದ್ದನ್ನು ಇನ್ನೊಂದು ಅಲ್ಲಗಳೆಯುವುದಿಲ್ಲ. ಬೆಲೆಯೆಂದರೆ, ಆಪ್ಟ್-ಫೈಲ್ ಜೋಡಿಸಿ ಮರೆತವರ ಯಂತ್ರವೂ ಪ್ರತಿ ಬಾರಿ ದೊಡ್ಡ ಪಟ್ಟಿಯ ಹಿಂದೆ ಹೋಗುತ್ತದೆ. ಅದೇ ಫೈಲಿನಲ್ಲಿ 'ಡೀಫಾಲ್ಟ್-ಎನೇಬಲ್ಡ್' ಎಂಬ ಸಾಲು ಇದ್ದು, ಅದನ್ನು 'ಬೇಡ' ಎಂದು ಬದಲಿಸಿದರೆ ಈ ಹೊರೆ ತಪ್ಪುತ್ತದೆ. ಭಂಡಾರಗಳ ವಿಳಾಸ ಬರೆಯುವಲ್ಲಿ ಒಂದೊಂದು ಭಂಡಾರಕ್ಕೂ ಪ್ರತ್ಯೇಕವಾಗಿ ಹೀಗೆ ಹೇಳಲು ಬರುತ್ತದೆ.

ತುಣುಕುಗಳ ಲೆಕ್ಕ

ಮೈಸೂರು ಪುರಾತತ್ವ ವರದಿಗಳ ಮಾರ್ಗವನ್ನೂ ಡೆಬಿಯನ್ ಹಿಡಿದಿದೆ. ಭಂಡಾರದ ಪಟ್ಟಿ ಅಲ್ಲಿ ದಿನಕ್ಕೆ ನಾಲ್ಕು ಬಾರಿ ಹೊಸದಾಗುತ್ತದೆ. ನಿನ್ನೆಯ ಪಟ್ಟಿ ಇರುವವನಿಗೆ ಇಂದಿನ ಪೂರ್ತಿ ಪಟ್ಟಿ ಬೇಕಿಲ್ಲ, ಬದಲಾದ ಸಾಲುಗಳು ಸಾಕು. ಈ ತುಣುಕುಗಳಿಗೆ 'ಪಿಡಿಫ್' ಎನ್ನುತ್ತಾರೆ. ದಿನವೂ ಯಂತ್ರ ತೆರೆಯುವವನಿಗೆ ಇದು ದೊಡ್ಡ ಉಳಿತಾಯ. ಒಂದು ತಿಂಗಳು ಮುಚ್ಚಿಟ್ಟು ತೆರೆದವನಿಗೆ ನೂರಾರು ತುಣುಕು ತಂದು ಒಂದರ ಮೇಲೊಂದು ಹಚ್ಚಿಕೊಳ್ಳುವುದು ಪೂರ್ತಿ ಪಟ್ಟಿ ತರುವುದಕ್ಕಿಂತ ಕಷ್ಟ. ಆದ್ದರಿಂದ ಆಪ್ಟ್‌ನಲ್ಲಿ ಮಿತಿಗಳನ್ನು ಬರೆಯಲು ಜಾಗವಿದೆ: ತುಣುಕುಗಳು ಇಷ್ಟಕ್ಕಿಂತ ಹೆಚ್ಚಾದರೆ, ಅಥವಾ ಅವುಗಳ ಒಟ್ಟು ತೂಕ ಪೂರ್ತಿ ಪಟ್ಟಿಯ ಶೇಕಡಾ ಇಷ್ಟನ್ನು ಮೀರಿದರೆ, ತುಣುಕು ಬಿಟ್ಟು ಪೂರ್ತಿಯನ್ನೇ ತಾ. ಶಾಸನ ಸಂಪಾದಕರು ದಶಕಗಳ ಅನುಭವದಿಂದ ಮಾಡಿದ ತೀರ್ಮಾನವನ್ನು ಇಲ್ಲಿ ಎರಡು ಸಂಖ್ಯೆಗಳು ಮಾಡುತ್ತವೆ.

ಹಳೆಯ ಸೂಚಿಯೇ ಆಯುಧವಾದಾಗ

ಇಷ್ಟು ಹೊತ್ತು ಹಳೆಯ ಸೂಚಿ ಎಂದರೆ ಬರೀ ಅನನುಕೂಲ ಎಂಬಂತೆ ಮಾತಾಡಿದೆವು. 2008ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾನಿಲಯದ ಜಸ್ಟಿನ್ ಕಾಪೋಸ್ ಮತ್ತು ಸಂಗಡಿಗರು ಬೇರೊಂದು ಅಪಾಯವನ್ನು ತೋರಿಸಿದರು. ಭಂಡಾರದ ನಕಲು ಇಟ್ಟುಕೊಂಡು ಹಂಚುವ 'ಮಿರರ್' ಆಗಲು ಅವರು ಒಂದು ಸರ್ವರನ್ನು ಬಾಡಿಗೆಗೆ ಹಿಡಿದು ಹಲವು ಲಿನಕ್ಸ್ ಬಳಗಗಳಿಗೆ ಅರ್ಜಿ ಹಾಕಿದರು, ಅವರನ್ನು ಸೇರಿಸಿಕೊಳ್ಳಲಾಯಿತು. ಅಂಥ ಜಾಗದಲ್ಲಿ ಕೂತವನು ಕೆಟ್ಟ ಮನಸ್ಸಿನವನಾದರೆ ಕಟ್ಟುಗಳನ್ನು ತಿದ್ದಬೇಕಾಗಿಲ್ಲ. ಸಹಿ ಸರಿಯಾಗಿರುವ ಹಳೆಯ ಸೂಚಿಯನ್ನೇ ಕೊಡುತ್ತ ಹೋದರೆ ಸಾಕು. ಬಳಕೆದಾರನ ಯಂತ್ರ 'ಹೊಸದೇನೂ ಬಂದಿಲ್ಲ' ಎಂದು ತಿಳಿದು, ಎಂದೋ ಗೊತ್ತಾದ ಬಿರುಕುಗಳನ್ನು ಮುಚ್ಚಿಕೊಳ್ಳದೆ ಹಾಗೇ ಇರುತ್ತದೆ.

ಇದಕ್ಕೆ ಮದ್ದು, ಸೂಚಿಯ ಮೇಲೆಯೇ ಒಂದು ಕೊನೆಯ ದಿನಾಂಕ ಬರೆಯುವುದು. ಔಷಧಿ ಶೀಶೆಯ ಮೇಲೆ ಇರುವಂತೆ. ಡೆಬಿಯನ್‌ನ ಭದ್ರತಾ ಭಂಡಾರದ ಪಟ್ಟಿಯಲ್ಲಿ ಅಂಥ ದಿನಾಂಕವಿರುತ್ತದೆ. ಅದು ದಾಟಿದ್ದರೆ ಆಪ್ಟ್ ಆ ಪಟ್ಟಿಯನ್ನು ಒಪ್ಪುವುದಿಲ್ಲ. ಹೀಗಾಗಿ 'ಖರ್ಚು ಹೆಚ್ಚು, ಸೂಚಿ ತರುವುದೇ ಬೇಡ' ಎಂಬುದು ಬಡವನ ಜಾಣತನ ಆಗದು. ತರದಿದ್ದರೆ ಮನೆಯ ಬಾಗಿಲು ತೆರೆದೇ ಉಳಿಯುತ್ತದೆ.

ಯಸಳೂರಿನ ಗಡಿಯಾರ

ಈಗ ಈ ಚರಿತ್ರೆಯನ್ನು ಸಕಲೇಶಪುರದ ಬೆಟ್ಟಸಾಲಿಗೆ ತಂದು ನೋಡೋಣ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಪಟ್ಟಿಯನ್ನು ತಾನಾಗಿ ತರುವ ಗಡಿಯಾರವೊಂದಿದೆ. ಬೆಳಿಗ್ಗೆ 6 ಮತ್ತು ಸಂಜೆ 6ಕ್ಕೆ ಅದು ಎದ್ದೇಳುತ್ತದೆ. ಜಗತ್ತಿನ ಎಲ್ಲ ಯಂತ್ರಗಳೂ ಒಂದೇ ಕ್ಷಣಕ್ಕೆ ಭಂಡಾರದ ಬಾಗಿಲು ಬಡಿಯದಿರಲೆಂದು ಪ್ರತಿ ಯಂತ್ರವೂ 12 ಗಂಟೆಯೊಳಗೆ ಯಾವುದೋ ಒಂದು ಹೊತ್ತು ಕಾಯುತ್ತದೆ. ಆ ಹೊತ್ತಿನಲ್ಲಿ ಯಂತ್ರ ಆಫ್ ಆಗಿದ್ದರೆ, ಮತ್ತೆ ಆನ್ ಆದಾಗ ಬಾಕಿ ಕೆಲಸವನ್ನು ತೀರಿಸಿಕೊಳ್ಳುತ್ತದೆ.

ಸದಾ ವಿದ್ಯುತ್ತು, ಅಳತೆಯಿಲ್ಲದ ಸಂಪರ್ಕ ಇರುವಲ್ಲಿ ಇದು ಚೆನ್ನಾದ ಏರ್ಪಾಡು. ಆಷಾಢದ ಮಳೆಯಲ್ಲಿ ಎರಡು ದಿನ ಕರೆಂಟಿಲ್ಲದೆ ಮೂರನೆಯ ದಿನ ಬಂತೆನ್ನಿ. ಕಾಫಿ ತೋಟದ ಲೆಕ್ಕ ಬರೆಯಬೇಕಾದವರೋ, ಶಾಲೆಯ ಪ್ರಶ್ನೆಪತ್ರಿಕೆ ಮುದ್ರಿಸಬೇಕಾದ ಮೇಷ್ಟರೋ ಲ್ಯಾಪ್‌ಟಾಪನ್ನು ಮೊಬೈಲಿನ ಜಾಲಕ್ಕೆ ಜೋಡಿಸುತ್ತಾರೆ. ಬಾಕಿ ಉಳಿದ ಗಡಿಯಾರ ಆಗಲೇ ಎದ್ದು ಪಟ್ಟಿ ತರಲು ಹೊರಡುತ್ತದೆ. ದಿನದ ಡೇಟಾದಲ್ಲಿ ಒಂದು ಪಾಲು ಅದಕ್ಕೆ ಹೋಗುತ್ತದೆ. ಆಪ್ಟ್-ಫೈಲ್ ಇದ್ದರೆ ಪದಸೂಚಿಯೂ ಸೇರುತ್ತದೆ. ಅದು ತರುತ್ತಿರುವಾಗ ನಾವೂ ಕೈಯಾರೆ ಪಟ್ಟಿ ತರಿಸಲು ಹೋದರೆ ಬೀಗ ಹಾಕಿದೆ ಎನ್ನುತ್ತದೆ.

ಇಲ್ಲಿ ನೆರವಿಗೆ ಬರುವುದು ಆ ಸಣ್ಣ ಸೆಟ್ಟಿಂಗುಗಳೇ. ಪಟ್ಟಿ ಎಷ್ಟು ದಿನಕ್ಕೊಮ್ಮೆ ಎಂಬಲ್ಲಿ 1 ಇದ್ದದ್ದನ್ನು 7 ಮಾಡಬಹುದು, ಸೊನ್ನೆ ಮಾಡಿ ಪೂರ್ತಿ ನಿಲ್ಲಿಸಬಹುದು. ನಿಲ್ಲಿಸಿದವರು ಸಿಗ್ನಲ್ ಚೆನ್ನಾಗಿರುವ ದಿನ ಕೈಯಾರೆ ತರಿಸಿಕೊಳ್ಳುವ ರೂಢಿ ಇಟ್ಟುಕೊಳ್ಳಬೇಕು. ಪದಸೂಚಿಯನ್ನು 'ಬೇಡ' ಎಂದಿಟ್ಟು, ಫೈಲು ಹುಡುಕುವ ದಿನ ಮಾತ್ರ 'ಬೇಕು' ಎನ್ನಬಹುದು. ಕಟ್ಟುಗಳ ವಿವರಣೆ ಯಾವ ಭಾಷೆಗಳಲ್ಲಿ ಬೇಕು ಎಂಬುದಕ್ಕೂ ಒಂದು ಸಾಲಿದೆ. ಅಲ್ಲಿ ಕಡಿತ ಮಾಡಿದರೂ ಡೇಟಾ ಉಳಿಯುತ್ತದೆ, ಕನ್ನಡವನ್ನು ಅಳಿಸದಂತೆ ನೋಡಿಕೊಂಡರಾಯಿತು. ಫೆಡೋರಾದವರ ಗಡಿಯಾರವಾದರೋ ಯಂತ್ರ ಬ್ಯಾಟರಿಯಲ್ಲಿದ್ದರೆ, ಇಲ್ಲವೇ ಜಾಲ 'ಅಳತೆಯದು' ಎಂದು ಗುರುತಾಗಿದ್ದರೆ ತಾನಾಗಿಯೇ ಸುಮ್ಮನಿರುತ್ತದೆ. ನಮ್ಮಂಥ ಊರುಗಳೂ ಲೆಕ್ಕದಲ್ಲಿವೆ ಎಂಬುದಕ್ಕೆ ಅದೊಂದು ಗುರುತು.

ಜಾಲವೇ ಇಲ್ಲದ ಯಂತ್ರಕ್ಕೂ ದಾರಿಯಿದೆ, ಅದನ್ನು ಕಟ್ಟಿದವರು ಭಾರತದವರೇ. ಡೆಬಿಯನ್ ಡೆವಲಪರ್ ರಿತೇಶ್ ರಾಜ್ ಸರ್ರಾಫ್ ಅವರ 'ಆಪ್ಟ್-ಆಫ್‌ಲೈನ್' ಮೊದಲು 'ಪಿವೈಪಿಟಿ-ಆಫ್‌ಲೈನ್' ಎಂಬ ಹೆಸರಿನಲ್ಲಿತ್ತು. ಮನೆಯ ಯಂತ್ರ ತನಗೇನು ಬೇಕೆಂದು ಒಂದು ಚೀಟಿ ಬರೆದುಕೊಡುತ್ತದೆ. ಆ ಚೀಟಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಸಕಲೇಶಪುರಕ್ಕೋ ಹಾಸನಕ್ಕೋ ಬಸ್ಸಿನಲ್ಲಿ ಹೋಗಿ, ಜಾಲವಿರುವ ಯಾವುದೋ ಯಂತ್ರದಲ್ಲಿ ಬೇಕಾದ ಪಟ್ಟಿ, ಕಟ್ಟುಗಳನ್ನೆಲ್ಲ ತುಂಬಿಕೊಂಡು ಬಂದು ಮನೆಯ ಯಂತ್ರಕ್ಕೆ ಒಪ್ಪಿಸಬಹುದು. ಸಂತೆಗೆ ಹೋಗುವವರ ಕೈಯಲ್ಲಿ ಸಾಮಾನಿನ ಚೀಟಿ ಕೊಟ್ಟು ಕಳಿಸುವುದು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಸೂಚಿ ಎಂದರೆ ಎಲ್ಲೋ ಇರುವ ವಸ್ತುವಿನ ಬಗ್ಗೆ ಇಲ್ಲಿ ಕೊಟ್ಟ ಮಾತು. ಮಾತು ಹಳತಾಗುವುದನ್ನು ತಡೆಯಲು ಯಾರಿಂದಲೂ ಆಗಿಲ್ಲ, ರೈಸ್ ಅವರಿಂದಲೂ ಆಗಲಿಲ್ಲ. ಎಷ್ಟು ಹಳತಾದರೆ ತಾಳಬಹುದು, ಹೊಸದು ಮಾಡಲು ಎಷ್ಟು ತೆರಬಹುದು ಎಂದು ತೀರ್ಮಾನಿಸುವವರು ಮಾತ್ರ ಬದಲಾಗುತ್ತ ಬಂದಿದ್ದಾರೆ. 1943ರಲ್ಲಿ ಅದು ಮೈಸೂರಿನ ಒಂದು ಇಲಾಖೆಯ ಕೈಯಲ್ಲಿತ್ತು. ಇವತ್ತು ಅದು ಒಂದು ಪುಟ್ಟ ಫೈಲಿನ ಒಂದು ಸಾಲಿನಲ್ಲಿದೆ. ದೂರದ ಯಾರೋ ತಮ್ಮ ಊರಿನ ಜಾಲವನ್ನು ನೆನೆದು ಅಲ್ಲಿ 1 ಎಂದು ಬರೆದಿಟ್ಟಿದ್ದಾರೆ. ಅದನ್ನು 7 ಎಂದು ತಿದ್ದುವ ಅಧಿಕಾರ ಯಸಳೂರಿನಲ್ಲಿ ಕೂತವರಿಗೂ ಇದೆ.